ಡಿ. ವಿ. ಗುಂಡಪ್ಪ

ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪ (ಮಾರ್ಚ್ 17, 1887 – ಅಕ್ಟೋಬರ್ 7, 1975) ಕನ್ನಡದ ಕವಿ, ಪತ್ರಕರ್ತ, ರಾಜ್ಯಶಾಸ್ತ್ರ ಚಿಂತಕ, ನಾಟಕಕಾರ ಮತ್ತು ಅನುವಾದಕ. ಡಿ.ವಿ.ಜಿ. ಎಂಬ ಹ್ರಸ್ವನಾಮದಿಂದಲೇ ನಾಡಿಗೆ ಪರಿಚಿತರು. 1943ರಲ್ಲಿ ಪ್ರಕಟವಾದ ಮಂಕುತಿಮ್ಮನ ಕಗ್ಗ ಅವರನ್ನು ಮನೆಮಾತಾಗಿಸಿದ ಕೃತಿ. ಆ ಕೃತಿಯ ಪ್ರಭೆಯಲ್ಲಿ ಅವರ ಇತರ ಬರವಣಿಗೆಗಳು ಕೊಂಚ ಮರೆಯಾಗಿವೆ. ಶೇಕ್ಸ್‌ಪಿಯರನ ಮ್ಯಾಕ್‌ಬೆತ್ ನಾಟಕವನ್ನು ಅವರು 1936ರಲ್ಲಿ ಕನ್ನಡಕ್ಕೆ ತಂದದ್ದು ಅಂಥ ಕೆಲಸಗಳಲ್ಲಿ ಒಂದು. ಅಧಿಕಾರದಾಹ ಹಾಗೂ ಪಾಪಪ್ರಜ್ಞೆಗಳನ್ನು ಕುರಿತ ಈ ರುದ್ರನಾಟಕವನ್ನು ಇಂದಿನ ವಿದ್ಯಾರ್ಥಿಗಳು ಇಂಗ್ಲಿಷಿನಲ್ಲಿ, ಆಯ್ದ ಸಾಲುಗಳ ಮೂಲಕ ಓದುವುದು ವಾಡಿಕೆ. ಅದನ್ನು ಕನ್ನಡದಲ್ಲಿ ಓದಬಹುದೆಂಬ ಸಂಗತಿ ಹಲವರಿಗೆ ತಿಳಿಯದು. ಈ ಲೇಖನವು ಡಿ.ವಿ.ಜಿ.ಯವರ ಜೀವನವನ್ನು ನಿರೂಪಿಸುತ್ತ, ಆ ನಾಟಕಕ್ಕೂ ಅವರ ಚಿಂತನೆಗೂ ಇರುವ ಸಂಬಂಧವನ್ನು ಸ್ವಲ್ಪ ವಿಸ್ತಾರವಾಗಿ ವಿವರಿಸುತ್ತದೆ.

ಜನನ ಮತ್ತು ಬಾಲ್ಯ

ಡಿ.ವಿ.ಜಿ.ಯವರು ಹುಟ್ಟಿದ್ದು ಕೋಲಾರ ಜಿಲ್ಲೆಯ ಮುಳಬಾಗಿಲಿನಲ್ಲಿ. ತಂದೆ ವೆಂಕಟರಮಣಯ್ಯ, ತಾಯಿ ಅಲಮೇಲಮ್ಮ. ಹೆಸರಿನ ಮೊದಲಿಗಿರುವ ದೇವನಹಳ್ಳಿಯು ಪೂರ್ವಿಕರ ಊರಿನ ಗುರುತು. ಮುಳಬಾಗಿಲಿನಲ್ಲಿ ಆರಂಭದ ವಿದ್ಯಾಭ್ಯಾಸ ನಡೆಯಿತು. ಮುಂದೆ ಮೈಸೂರು ಮತ್ತು ಕೋಲಾರಗಳಲ್ಲಿ ಪ್ರೌಢಶಿಕ್ಷಣವನ್ನು ಪಡೆದರು. ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಉತ್ತೀರ್ಣರಾಗಲಿಲ್ಲ. ಅವರ ಔಪಚಾರಿಕ ವಿದ್ಯಾಭ್ಯಾಸ ಅಲ್ಲಿಗೇ ಮುಗಿಯಿತು.

ಹೊಟ್ಟೆಪಾಡಿಗಾಗಿ ಕೆಲಕಾಲ ತಾತ್ಕಾಲಿಕ ಉಪಾಧ್ಯಾಯರಾಗಿ, ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿ ಸೋಡಾ ಕಾರ್ಖಾನೆಯ ಕೆಲಸಗಾರರಾಗಿ ದುಡಿದರು. ಆದರೆ ಓದುವುದನ್ನು ಬಿಡಲಿಲ್ಲ. ಸಂಸ್ಕೃತ ಮತ್ತು ಇಂಗ್ಲಿಷ್ ಸಾಹಿತ್ಯಗಳನ್ನು ಬಹುಮಟ್ಟಿಗೆ ಸ್ವಪ್ರಯತ್ನದಿಂದಲೇ ಕರಗತ ಮಾಡಿಕೊಂಡರು. ಬೆಂಗಳೂರಿಗೆ ಬಂದ ಮೇಲೆ ಹಾನಗಲ್ ವಿರೂಪಾಕ್ಷಶಾಸ್ತ್ರಿಗಳಲ್ಲಿ ವೇದಾಂತವನ್ನು ಅಭ್ಯಾಸ ಮಾಡಿದರು. ಕಾಲೇಜಿನ ಮೆಟ್ಟಿಲನ್ನು ಹತ್ತದ ಒಬ್ಬರು ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ಸೆನೆಟ್ ಸದಸ್ಯರಾದರು. ಅದೇ ವಿಶ್ವವಿದ್ಯಾನಿಲಯ 1961ರಲ್ಲಿ ಅವರಿಗೆ ಗೌರವ ಡಿ.ಲಿಟ್. ಪದವಿಯನ್ನಿತ್ತಿತು.

ಪತ್ರಿಕಾ ವೃತ್ತಿ

ಬೆಂಗಳೂರಿನಲ್ಲಿ ಡಿ.ವಿ.ಜಿ.ಯವರಿಗೆ ಅನ್ನವನ್ನೂ ಹೆಸರನ್ನೂ ಕೊಟ್ಟದ್ದು ಪತ್ರಿಕೆ. ಸೂರ್ಯೋದಯ ಪ್ರಕಾಶಿಕೆ ಮೊದಲಾದ ಪತ್ರಿಕೆಗಳಲ್ಲಿ ಕೆಲಸ ಕಲಿತು, ಇಪ್ಪತ್ತರ ಹರೆಯದಲ್ಲೇ ಭಾರತಿ ಎಂಬ ಕನ್ನಡ ಪತ್ರಿಕೆಯನ್ನು ನಡೆಸಿದರು. 1908ರಲ್ಲಿ ಮೈಸೂರು ಸಂಸ್ಥಾನದಲ್ಲಿ ಜಾರಿಗೆ ಬಂದ ಪತ್ರಿಕಾ ಕಾನೂನು ಅಧಿಕಾರವನ್ನು ಟೀಕಿಸುವ ಬರವಣಿಗೆಗೆ ಕಡಿವಾಣ ಹಾಕಿತು. ಸರ್ಕಾರ ಎಷ್ಟೇ ಒಳ್ಳೆಯದಾಗಿದ್ದರೂ ಅದನ್ನು ಪ್ರಶ್ನಿಸುವ ಹಕ್ಕು ಪ್ರಜೆಗೆ ಇರಬೇಕೆಂಬ ಅವರ ನಿಲುವು ಈ ಅನುಭವದಿಂದ ಗಟ್ಟಿಯಾಯಿತು.

ಆ ಬಳಿಕ ಅವರು ಕರ್ಣಾಟಕ ಎಂಬ ಇಂಗ್ಲಿಷ್ ಪತ್ರಿಕೆಯನ್ನು ಸ್ಥಾಪಿಸಿ ಸಂಪಾದಿಸಿದರು. ಆಗ ದಿವಾನರಾಗಿದ್ದವರು ಸರ್ ಎಂ. ವಿಶ್ವೇಶ್ವರಯ್ಯ (1912–1918). ಇಬ್ಬರ ನಡುವೆ ಆಳವಾದ ಪರಸ್ಪರ ಗೌರವವಿತ್ತು. ಆದರೂ ದಿವಾನರ ಆಡಳಿತದಲ್ಲಿ ತಪ್ಪು ಕಂಡಾಗ ಅದನ್ನು ಬರೆಯಲು ಡಿ.ವಿ.ಜಿ. ಹಿಂಜರಿಯಲಿಲ್ಲ. ಪತ್ರಿಕೋದ್ಯಮವನ್ನು ಕುರಿತು ವೃತ್ತಪತ್ರಿಕೆ ಎಂಬ ಪುಸ್ತಕವನ್ನೂ ಬರೆದರು. ಕನ್ನಡದಲ್ಲಿ ಆ ವಿಷಯವನ್ನು ಕುರಿತು ಬಂದ ಮೊದಮೊದಲ ಗ್ರಂಥಗಳಲ್ಲಿ ಅದು ಸೇರುತ್ತದೆ.

ಸಾರ್ವಜನಿಕ ಜೀವನ

1926ರಿಂದ 1940ರವರೆಗೆ ಅವರು ಮೈಸೂರು ನ್ಯಾಯವಿಧಾಯಕ ಸಭೆಯ ಸದಸ್ಯರಾಗಿದ್ದರು. ಅದು ರಾಜಪ್ರಭುತ್ವ ಮತ್ತು ಪ್ರಜಾಪ್ರಭುತ್ವಗಳ ಸಂಧಿಕಾಲ. ಮೈಸೂರಿನಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರಲ್ಲಿ, ಪ್ರಜಾಪ್ರತಿನಿಧಿ ಸಭೆ ಆರಂಭವಾಗಿತ್ತು. ಆ ಬೀಜ ಮರವಾಗುವುದು ಹೇಗೆ, ದೇಶೀಯ ಸಂಸ್ಥಾನಗಳ ಪ್ರಜೆಗಳಿಗೆ ಮುಂದಿನ ಭಾರತದಲ್ಲಿ ಯಾವ ಸ್ಥಾನವಿರಬೇಕು ಎಂಬ ಪ್ರಶ್ನೆಗಳು ಡಿ.ವಿ.ಜಿ.ಯವರನ್ನು ದಶಕಗಳ ಕಾಲ ಕಾಡಿದವು. ರಂಗಾಚಾರ್ಲು ಅವರ ಜೀವನಚರಿತ್ರೆಯನ್ನೂ ಗೋಪಾಲಕೃಷ್ಣ ಗೋಖಲೆಯವರ ಜೀವನಚರಿತ್ರೆಯನ್ನೂ ಅವರು ಬರೆದರು. ರಾಜ್ಯಶಾಸ್ತ್ರ, ರಾಜ್ಯಾಂಗ ತತ್ತ್ವಗಳು ಎಂಬ ಗ್ರಂಥಗಳ ಮೂಲಕ ಪ್ರಭುತ್ವದ ಸ್ವರೂಪವನ್ನು ಕನ್ನಡದಲ್ಲಿ ವಿವರಿಸಿದರು.

ಕನ್ನಡ ಸಾಹಿತ್ಯ ಪರಿಷತ್ತಿಗೂ ಅವರ ಸೇವೆ ಸಂದಿದೆ. 1932ರಲ್ಲಿ ಮಡಿಕೇರಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆಯನ್ನು ವಹಿಸಿದರು. 1933ರಿಂದ 1937ರವರೆಗೆ ಪರಿಷತ್ತಿನ ಉಪಾಧ್ಯಕ್ಷರಾಗಿದ್ದು, ವಸಂತ ಸಾಹಿತ್ಯೋತ್ಸವವನ್ನು ಆರಂಭಿಸಿದರು, ಗಮಕ ಕಲೆಗೆ ಪ್ರೋತ್ಸಾಹ ನೀಡಿದರು. ಹಳಗನ್ನಡ ಕಾವ್ಯವನ್ನು ಪಂಡಿತರ ಮನೆಯ ಓಲೆಗರಿಯಿಂದ ಜನರ ಕಿವಿಗೆ ತಲುಪಿಸುವುದು ಈ ಕಾರ್ಯಕ್ರಮಗಳ ಆಶಯವಾಗಿತ್ತು. ಮ್ಯಾಕ್‌ಬೆತ್ ಅನುವಾದ ಪ್ರಕಟವಾದದ್ದು ಇದೇ ಅವಧಿಯಲ್ಲಿ ಎಂಬುದನ್ನು ಗಮನಿಸಬೇಕು.

ಕುಟುಂಬ

ಡಿ.ವಿ.ಜಿ.ಯವರ ಪತ್ನಿ ಭಾಗೀರಥಮ್ಮ. 1924ರಲ್ಲಿ ಬೆಂಕಿ ಅನಾಹುತದಲ್ಲಿ ಅವರು ತೀರಿಕೊಂಡರು. ಆಗ ಡಿ.ವಿ.ಜಿ.ಯವರಿಗೆ ಮೂವತ್ತೇಳು ವರ್ಷ. ಮಕ್ಕಳು ಚಿಕ್ಕವರು. ಅವರು ಮರುಮದುವೆಯಾಗಲಿಲ್ಲ. ಉಳಿದ ಐವತ್ತೊಂದು ವರ್ಷಗಳನ್ನು ಮಕ್ಕಳು, ಪುಸ್ತಕಗಳು ಮತ್ತು ಸಾರ್ವಜನಿಕ ಕೆಲಸಗಳ ನಡುವೆ ಕಳೆದರು. ಮಗ ಬಿ. ಜಿ. ಎಲ್. ಸ್ವಾಮಿ (1918–1980) ಹೆಸರಾಂತ ಸಸ್ಯವಿಜ್ಞಾನಿ ಹಾಗೂ ಲೇಖಕರಾದರು. ಹಸುರು ಹೊನ್ನು ಕೃತಿಗೆ ಅವರಿಗೆ 1978ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆಯಿತು. ತಂದೆಗೆ ಜೀವನಧರ್ಮಯೋಗ ಎಂಬ ಗೀತಾ ವಿವರಣ ಗ್ರಂಥಕ್ಕಾಗಿ 1967ರಲ್ಲಿ ಇದೇ ಪ್ರಶಸ್ತಿ ಸಂದಿತ್ತು. ತಂದೆ ಮತ್ತು ಮಗ ಇಬ್ಬರೂ ಈ ಪ್ರಶಸ್ತಿಯನ್ನು ಪಡೆದದ್ದು ಕನ್ನಡದಲ್ಲಿ ಅಪರೂಪದ ಸಂಗತಿ.

ಮ್ಯಾಕ್‌ಬೆತ್ ಅನುವಾದ

ಹಿನ್ನೆಲೆ

ಶೇಕ್ಸ್‌ಪಿಯರ್ ಕನ್ನಡಕ್ಕೆ ಮೊದಲು ಬಂದದ್ದು ವೇಷ ಬದಲಿಸಿಕೊಂಡು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅವನ ನಾಟಕಗಳನ್ನು ಇಲ್ಲಿಯ ಹೆಸರು, ಇಲ್ಲಿಯ ಊರು, ಇಲ್ಲಿಯ ಆಚಾರಗಳಿಗೆ ಒಗ್ಗಿಸಿ ಬರೆಯುವ ಪದ್ಧತಿಯಿತ್ತು. ಬಸವಪ್ಪಶಾಸ್ತ್ರಿಗಳ ಶೂರಸೇನ ಚರಿತ್ರೆಯು ಒಥೆಲೋ ನಾಟಕದ ರೂಪಾಂತರ. ಎಂ. ಎಲ್. ಶ್ರೀಕಂಠೇಶಗೌಡರ ಪ್ರತಾಪರುದ್ರದೇವ (1895) ಮ್ಯಾಕ್‌ಬೆತ್ ನಾಟಕದ ರೂಪಾಂತರ. ಸ್ಕಾಟ್ಲೆಂಡಿನ ಸರದಾರನು ಅಲ್ಲಿ ಭಾರತೀಯ ಹೆಸರನ್ನು ಹೊತ್ತು ನಿಂತಿದ್ದಾನೆ. ಹೊಸ ಪ್ರೇಕ್ಷಕರಿಗೆ ಕಥೆ ತಲುಪಲು ಈ ಮಾರ್ಗ ನೆರವಾಯಿತು.

1920ರ ಮತ್ತು 1930ರ ದಶಕಗಳಲ್ಲಿ ಪರಿಸ್ಥಿತಿ ಬದಲಾಯಿತು. ಪಾಶ್ಚಾತ್ಯ ರುದ್ರನಾಟಕವು ಕನ್ನಡ ಲೇಖಕರ ಗಂಭೀರ ಅಧ್ಯಯನದ ವಸ್ತುವಾಯಿತು. ಬಿ. ಎಂ. ಶ್ರೀಕಂಠಯ್ಯನವರು ರನ್ನನ ಕಾವ್ಯವನ್ನು ಆಧರಿಸಿ ಗದಾಯುದ್ಧ ನಾಟಕವನ್ನೂ ಗ್ರೀಕ್ ಮಾದರಿಯಲ್ಲಿ ಅಶ್ವತ್ಥಾಮನ್ ನಾಟಕವನ್ನೂ ರಚಿಸಿದರು. ಕುವೆಂಪು ಅವರ ಬಿರುಗಾಳಿ ಮತ್ತು ರಕ್ತಾಕ್ಷಿ ನಾಟಕಗಳು ಶೇಕ್ಸ್‌ಪಿಯರನ ಪ್ರೇರಣೆಯಿಂದ ಹುಟ್ಟಿದವು. ಸಂಸ್ಕೃತ ನಾಟಕ ಪರಂಪರೆಯಲ್ಲಿ ನಾಯಕನ ಪತನದೊಂದಿಗೆ ಮುಗಿಯುವ ನಾಟಕಗಳು ವಿರಳ. ಭಾಸನದೆಂದು ಹೇಳಲಾಗುವ ಊರುಭಂಗದಂಥವು ಅಪವಾದ. ಆದ್ದರಿಂದ ರುದ್ರನಾಟಕವನ್ನು ಕನ್ನಡಕ್ಕೆ ತರುವುದೆಂದರೆ ಒಂದು ಕಥೆಯನ್ನಷ್ಟೇ ಅಲ್ಲ, ದುಃಖವನ್ನು ನೋಡುವ ಒಂದು ಹೊಸ ಬಗೆಯನ್ನೇ ತರುವುದಾಗಿತ್ತು. ಈ ವಾತಾವರಣದಲ್ಲಿ ಡಿ.ವಿ.ಜಿ.ಯವರ ಅನುವಾದ ಬಂತು. ಅದರ ಹೆಸರು ಮ್ಯಾಕ್‌ಬೆತ್ ಎಂದೇ ಉಳಿಯಿತು.

ನಾಟಕದ ವಸ್ತು

ಮ್ಯಾಕ್‌ಬೆತ್ ಸುಮಾರು 1606ರಲ್ಲಿ ರಚಿತವಾಗಿ, ಶೇಕ್ಸ್‌ಪಿಯರನ ಮರಣಾನಂತರ 1623ರ ಸಂಪುಟದಲ್ಲಿ ಮೊದಲು ಅಚ್ಚಾದ ಐದು ಅಂಕಗಳ ನಾಟಕ. ಕಥೆಯ ಮೂಲ ಹಾಲಿನ್‌ಷೆಡ್ಡನ ಚರಿತ್ರೆಯ ಗ್ರಂಥ. ಯುದ್ಧದಲ್ಲಿ ಗೆದ್ದು ಬರುತ್ತಿರುವ ಮ್ಯಾಕ್‌ಬೆತ್ ಎಂಬ ಸೇನಾನಿಗೆ ಮೂವರು ಮಾಟಗಾತಿಯರು ಎದುರಾಗಿ, ಮುಂದೆ ಅವನು ರಾಜನಾಗುವನೆಂದು ನುಡಿಯುತ್ತಾರೆ. ಪತ್ನಿಯ ಪ್ರಚೋದನೆಯಿಂದ ಅವನು ತನ್ನ ಮನೆಗೆ ಅತಿಥಿಯಾಗಿ ಬಂದ ಡಂಕನ್ ರಾಜನನ್ನು ಕೊಂದು ಸಿಂಹಾಸನವನ್ನು ಏರುತ್ತಾನೆ. ಪಡೆದುದನ್ನು ಉಳಿಸಿಕೊಳ್ಳಲು ಗೆಳೆಯ ಬ್ಯಾಂಕೋವನ್ನು, ಆಮೇಲೆ ಮ್ಯಾಕ್‌ಡಫ್ ಎಂಬ ಸರದಾರನ ಹೆಂಡತಿ ಮಕ್ಕಳನ್ನು ಕೊಲ್ಲಿಸುತ್ತಾನೆ. ಪತ್ನಿ ಮತಿಭ್ರಮೆಯಿಂದ ಸಾಯುತ್ತಾಳೆ. ಅವನು ಮ್ಯಾಕ್‌ಡಫ್‌ನ ಕತ್ತಿಗೆ ಬಲಿಯಾಗುತ್ತಾನೆ. ಡಂಕನ್ನನ ಮಗ ಮಾಲ್ಕಮ್ ರಾಜನಾಗುತ್ತಾನೆ.

ಅಧ್ಯಯನಕ್ಕೆ ಮುಖ್ಯವಾದ ಸನ್ನಿವೇಶಗಳು

ಪರೀಕ್ಷೆಗಾಗಿ ಓದುವವರು ಈ ನಾಟಕದ ಕೆಲವು ಪ್ರಸಿದ್ಧ ಸಾಲುಗಳನ್ನು ಬಾಯಿಪಾಠ ಮಾಡುತ್ತಾರೆ. ಆದರೆ ಸಾಲಿನ ಅರ್ಥ ಸನ್ನಿವೇಶದಲ್ಲಿದೆ. ಅದನ್ನು ಯಾರು, ಯಾವಾಗ, ಯಾರ ಎದುರು ಹೇಳುತ್ತಾರೆ ಎಂಬುದು ತಿಳಿಯದಿದ್ದರೆ ಆ ಸಾಲು ಗಾದೆಯಾಗಿ ಉಳಿಯುತ್ತದೆ. ಅಂಥ ಸನ್ನಿವೇಶಗಳು ಹೀಗಿವೆ:

* ಮೊದಲನೆಯ ಅಂಕದ ಆರಂಭದಲ್ಲಿ ಮಾಟಗಾತಿಯರು ಒಳಿತು ಕೆಡುಕುಗಳನ್ನು ಅದಲುಬದಲು ಮಾಡಿ ಮಾತನಾಡುತ್ತಾರೆ. ಮ್ಯಾಕ್‌ಬೆತ್ ರಂಗಕ್ಕೆ ಬಂದು ಆಡುವ ಮೊದಲ ಮಾತಿನಲ್ಲಿ ಅದೇ ಧ್ವನಿ ಇದೆ. ಅವನಿನ್ನೂ ಅವರನ್ನು ಭೇಟಿಯಾಗಿಲ್ಲ. ಕೇಡು ಹೊರಗಿನಿಂದ ಬಂತೋ, ಒಳಗೇ ಇತ್ತೋ ಎಂಬ ನಾಟಕದ ಮುಖ್ಯ ಪ್ರಶ್ನೆ ಇಲ್ಲಿ ಮೊಳೆಯುತ್ತದೆ.

* ಅದೇ ಅಂಕದ ಏಳನೆಯ ದೃಶ್ಯದಲ್ಲಿ ಮ್ಯಾಕ್‌ಬೆತ್ ಒಂಟಿಯಾಗಿ ನಿಂತು ಕೊಲೆಯ ಸಾಧಕಬಾಧಕಗಳನ್ನು ತೂಗುತ್ತಾನೆ. ಡಂಕನ್ ತನ್ನ ಬಂಧು, ತನ್ನ ರಾಜ, ತನ್ನ ಅತಿಥಿ, ಜೊತೆಗೆ ಸಜ್ಜನ. ಕೊಲ್ಲಲು ಇರುವ ಕಾರಣ ತನ್ನ ಮಹತ್ವಾಕಾಂಕ್ಷೆ ಒಂದೇ. ಜೀನಿಗೆ ಹಾರಲು ಹೋಗಿ ಕುದುರೆಯ ಆಚೆ ಬದಿಗೆ ಬೀಳುವ ಸವಾರನಂತೆ ಅದು ಎಂದು ಅವನೇ ಅರಿತಿದ್ದಾನೆ. ಅರಿತೂ ಕೊಲ್ಲುತ್ತಾನೆ. ಅವನ ದುರಂತಕ್ಕೆ ಅಜ್ಞಾನ ಕಾರಣವಲ್ಲ.

* ಎರಡನೆಯ ಅಂಕದಲ್ಲಿ ಕೊಲೆಗೆ ಮುನ್ನ ಗಾಳಿಯಲ್ಲಿ ಕಠಾರಿಯೊಂದು ಅವನಿಗೆ ಕಾಣಿಸುತ್ತದೆ. ಕೊಲೆಯ ನಂತರ ತಾನು ನಿದ್ರೆಯನ್ನೇ ಕೊಂದೆನೆಂಬ ಕೂಗು ಕೇಳಿಸುತ್ತದೆ. ಕೈಗೆ ಹತ್ತಿದ ನೆತ್ತರು ಕಡಲನ್ನೇ ಕೆಂಪಾಗಿಸೀತೆಂದು ಅವನು ನಡುಗುತ್ತಾನೆ. ಸ್ವಲ್ಪ ನೀರಿನಿಂದ ಅದು ಹೋದೀತೆಂದು ಪತ್ನಿ ಸಮಾಧಾನಿಸುತ್ತಾಳೆ.

* ಮೂರನೆಯ ಅಂಕದ ಔತಣಕೂಟದಲ್ಲಿ ಬ್ಯಾಂಕೋನ ಪ್ರೇತ ಮ್ಯಾಕ್‌ಬೆತ್‌ನ ಆಸನದಲ್ಲಿ ಕುಳಿತಿರುತ್ತದೆ. ಅದು ಅವನ ಹೊರತು ಯಾರಿಗೂ ಕಾಣದು. ತಾನು ರಕ್ತದಲ್ಲಿ ಬಹುದೂರ ನಡೆದು ಬಂದಿರುವುದರಿಂದ ಹಿಂದಿರುಗುವುದೂ ಮುಂದೆ ಹೋಗುವುದೂ ಸಮಾನ ಕಷ್ಟವೆಂಬ ತೀರ್ಮಾನಕ್ಕೆ ಅವನು ಬರುತ್ತಾನೆ.

* ಐದನೆಯ ಅಂಕದ ಮೊದಲ ದೃಶ್ಯದಲ್ಲಿ ರಾಣಿಯು ನಿದ್ದೆಯಲ್ಲಿ ನಡೆಯುತ್ತ, ಇಲ್ಲದ ನೆತ್ತರನ್ನು ಕೈಗಳಿಂದ ಉಜ್ಜಿ ತೊಳೆಯುತ್ತಾಳೆ. ಸ್ವಲ್ಪ ನೀರು ಸಾಕೆಂದಿದ್ದವಳು ಇವಳೇ. ಎರಡನೆಯ ಅಂಕದ ಆ ಮಾತನ್ನು ನೆನಪಿಟ್ಟು ಓದಿದಾಗ ಮಾತ್ರ ಈ ದೃಶ್ಯದ ಪೂರ್ಣ ಭೀಕರತೆ ಅರಿವಾಗುತ್ತದೆ.

* ಅದೇ ಅಂಕದ ಐದನೆಯ ದೃಶ್ಯದಲ್ಲಿ ಪತ್ನಿಯ ಸಾವಿನ ಸುದ್ದಿ ಬರುತ್ತದೆ. ಮ್ಯಾಕ್‌ಬೆತ್ ಅಳುವುದಿಲ್ಲ. ಬಾಳು ಆರಿಹೋಗುವ ಹಣತೆ, ರಂಗದ ಮೇಲೆ ಸ್ವಲ್ಪ ಹೊತ್ತು ಕುಣಿದು ಮರೆಯಾಗುವ ನಟ, ಅರ್ಥವಿಲ್ಲದ ಗದ್ದಲ ಎಂಬ ಭಾವನೆಯನ್ನು ವ್ಯಕ್ತಪಡಿಸುತ್ತಾನೆ. ಇದನ್ನು ಶೇಕ್ಸ್‌ಪಿಯರನ ಜೀವನದರ್ಶನವೆಂದು ಉದ್ಧರಿಸುವುದುಂಟು. ಅದು ಸರಿಯಲ್ಲ. ಬಾಳಿನ ಅರ್ಥವನ್ನು ತನ್ನ ಕೈಯಾರೆ ಕೊಂದವನೊಬ್ಬನ ಮಾತು ಅದು.

ಪ್ರಭುತ್ವದ ಪ್ರಶ್ನೆ

ನಾಲ್ಕನೆಯ ಅಂಕದ ಮೂರನೆಯ ದೃಶ್ಯವನ್ನು ಪ್ರಯೋಗಗಳಲ್ಲಿ ಮೊಟಕುಗೊಳಿಸುವುದು ಸಾಮಾನ್ಯ. ತರಗತಿಗಳಲ್ಲೂ ಅದಕ್ಕೆ ಹೆಚ್ಚು ಸಮಯ ಸಿಕ್ಕುವುದಿಲ್ಲ. ಇಂಗ್ಲೆಂಡಿನಲ್ಲಿ ಆಶ್ರಯ ಪಡೆದಿರುವ ರಾಜಕುಮಾರ ಮಾಲ್ಕಮ್‌ನ ಬಳಿಗೆ ಮ್ಯಾಕ್‌ಡಫ್ ಬರುತ್ತಾನೆ. ಬಂದವನು ಗೂಢಚಾರನಿರಬಹುದೆಂದು ಶಂಕಿಸಿದ ಮಾಲ್ಕಮ್ ಅವನನ್ನು ಪರೀಕ್ಷಿಸಲು ತಾನು ಕಾಮುಕ, ಲೋಭಿ, ರಾಜನಿಗೆ ಬೇಕಾದ ಒಂದು ಗುಣವೂ ಇಲ್ಲದವನು ಎಂದು ಸುಳ್ಳು ಹೇಳಿಕೊಳ್ಳುತ್ತಾನೆ. ಮ್ಯಾಕ್‌ಡಫ್ ಮೊದಲು ಕೆಲವು ದೋಷಗಳನ್ನು ಸಹಿಸಿಕೊಳ್ಳುವಂತೆ ಮಾತನಾಡುತ್ತಾನೆ. ಕೊನೆಗೆ, ಇಂಥವನು ಆಳಲು ಅರ್ಹನಲ್ಲ, ಬದುಕಲೂ ಅರ್ಹನಲ್ಲ ಎಂದು ಸಿಡಿಯುತ್ತಾನೆ. ಆ ಕೋಪವೇ ಅವನ ಪ್ರಾಮಾಣಿಕತೆಗೆ ಸಾಕ್ಷಿಯಾಗುತ್ತದೆ. ನ್ಯಾಯ, ಸತ್ಯ, ಸಂಯಮ, ಸ್ಥಿರತೆ, ಔದಾರ್ಯ, ಕರುಣೆ, ವಿನಯ, ತಾಳ್ಮೆ, ಧೈರ್ಯ ಮೊದಲಾದ ರಾಜಗುಣಗಳ ಪಟ್ಟಿಯೊಂದು ಈ ದೃಶ್ಯದಲ್ಲಿ ಬರುತ್ತದೆ.

ಡಿ.ವಿ.ಜಿ.ಯವರ ಒಟ್ಟು ಬರವಣಿಗೆಯ ಹಿನ್ನೆಲೆಯಲ್ಲಿ ನೋಡಿದರೆ ಈ ದೃಶ್ಯಕ್ಕೆ ವಿಶೇಷ ಮಹತ್ವವಿದೆ. ಮ್ಯಾಕ್‌ಬೆತ್‌ನನ್ನು ಅನುವಾದಿಸಿದಾಗ ಅವರು ಶಾಸನಸಭೆಯ ಸದಸ್ಯರಾಗಿ ಹತ್ತು ವರ್ಷ ಕಳೆದಿದ್ದವು. ಆಳುವವನ ಯೋಗ್ಯತೆ ಯಾವುದು, ಪ್ರಜೆಯ ನಿಷ್ಠೆ ರಾಜನಿಗೆ ಸಲ್ಲಬೇಕೋ ರಾಜ್ಯಕ್ಕೆ ಸಲ್ಲಬೇಕೋ ಎಂಬ ಪ್ರಶ್ನೆಗಳು ಅವರಿಗೆ ಪುಸ್ತಕದ ಪ್ರಶ್ನೆಗಳಾಗಿರಲಿಲ್ಲ. ಅವರ ನಾಟಕಗಳ ಪಟ್ಟಿಯಲ್ಲಿ ಜಾಕ್ ಕೇಡ್ ಕೂಡ ಇದೆ. ಆ ಹೆಸರಿನ ದಂಗೆಕೋರ ಶೇಕ್ಸ್‌ಪಿಯರನ ಆರನೆಯ ಹೆನ್ರಿ ನಾಟಕದ ಎರಡನೆಯ ಭಾಗದಲ್ಲಿ ಬರುವವನು. ಒಂದು ಕಡೆ ಸಿಂಹಾಸನವನ್ನು ಕದ್ದ ಒಬ್ಬನ ದೌರ್ಜನ್ಯ, ಇನ್ನೊಂದು ಕಡೆ ಅಂಕೆ ತಪ್ಪಿದ ಗುಂಪಿನ ದೌರ್ಜನ್ಯ. ರಾಜ್ಯಶಾಸ್ತ್ರವನ್ನು ಬರೆದ ಲೇಖಕರ ಕಣ್ಣು ಇವೆರಡರ ಮೇಲೂ ಬಿದ್ದದ್ದು ಸಹಜ.

ಅನುವಾದದ ಸವಾಲುಗಳು

ಈ ನಾಟಕವನ್ನು ಕನ್ನಡಕ್ಕೆ ತರುವ ಯಾರೇ ಆದರೂ ಕೆಲವು ತೊಡಕುಗಳನ್ನು ಎದುರಿಸಬೇಕಾಗುತ್ತದೆ. ಮಹತ್ವಾಕಾಂಕ್ಷೆ ಎಂಬ ಪದವನ್ನು ಇಂದು ನಾವು ಹೊಗಳಿಕೆಯಾಗಿಯೂ ಬಳಸುತ್ತೇವೆ. ನಾಟಕದಲ್ಲಿ ಅದು ಮನುಷ್ಯನನ್ನು ನುಂಗುವ ಹಸಿವು. ದುರಾಶೆ ಎಂದರೆ ಅರ್ಥ ಕಿರಿದಾಗುತ್ತದೆ. ಪಾಪಪ್ರಜ್ಞೆಯ ವಿಷಯದಲ್ಲಿಯೂ ಹೀಗೆಯೇ. ಕರ್ಮ, ಪ್ರಾಯಶ್ಚಿತ್ತ ಎಂಬ ಪದಗಳನ್ನು ಬಳಸಿದೊಡನೆ ಪಾಪವನ್ನು ಕಳೆದುಕೊಳ್ಳುವ ದಾರಿಯೂ ನೆನಪಿಗೆ ಬರುತ್ತದೆ. ಮ್ಯಾಕ್‌ಬೆತ್‌ಗೆ ಆ ದಾರಿ ಮುಚ್ಚಿದೆ. ಕೊಲೆಯ ರಾತ್ರಿ ಪ್ರಾರ್ಥನೆಯ ಕೊನೆಯ ಪದವನ್ನು ಉಚ್ಚರಿಸಲೂ ಅವನಿಗೆ ನಾಲಗೆ ಏಳುವುದಿಲ್ಲ. ಮಾಟಗಾತಿಯರ ಇಬ್ಬಗೆಯ ಮಾತು ಮತ್ತೊಂದು ಕಷ್ಟ. ಹೆಣ್ಣಿನಲ್ಲಿ ಹುಟ್ಟಿದವನಿಂದ ನಿನಗೆ ಸಾವಿಲ್ಲ, ಬರ್ನಮ್ ಕಾಡು ಬೆಟ್ಟವನ್ನೇರಿ ಬರುವ ತನಕ ಸೋಲಿಲ್ಲ ಎಂಬ ಭರವಸೆಗಳು ಕೇಳುವಾಗ ಅಭಯದಂತಿರಬೇಕು, ಕೊನೆಗೆ ಶಾಪದಂತಾಗಬೇಕು. ನಮ್ಮ ಪುರಾಣಗಳ ಹಿರಣ್ಯಕಶಿಪುವಿನ ವರವನ್ನು ಬಲ್ಲ ಕನ್ನಡ ಓದುಗರಿಗೆ ಈ ಭಾಗವನ್ನು ಗ್ರಹಿಸುವುದು ಕಷ್ಟವಲ್ಲ. ಹಗಲೂ ಅಲ್ಲದ ಇರುಳೂ ಅಲ್ಲದ ಹೊತ್ತಿನಲ್ಲಿ ವರವೇ ಅವನನ್ನು ವಂಚಿಸಿತು.

ನಂತರದ ಮ್ಯಾಕ್‌ಬೆತ್‌ಗಳು

ಡಿ.ವಿ.ಜಿ.ಯವರ ನಂತರವೂ ಈ ನಾಟಕ ಕನ್ನಡಿಗರನ್ನು ಸೆಳೆಯುತ್ತಲೇ ಇದೆ. ರಾಮಚಂದ್ರ ದೇವ ಅವರು ಇದನ್ನು ಅನುವಾದಿಸಿದರು. ಕನ್ನಡದ ರಂಗನಿರ್ದೇಶಕ ಬಿ. ವಿ. ಕಾರಂತರು 1979ರಲ್ಲಿ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ಕಲಾವಿದರಿಗಾಗಿ ಬರ್ನಮ್ ವನ ಎಂಬ ಹೆಸರಿನಲ್ಲಿ ಇದನ್ನು ಹಿಂದಿಯಲ್ಲಿ ಆಡಿಸಿದರು. ಅದರಲ್ಲಿ ಯಕ್ಷಗಾನದ ಶೈಲಿಯನ್ನು ಬಳಸಿಕೊಂಡಿದ್ದರು. ಎಚ್. ಎಸ್. ಶಿವಪ್ರಕಾಶರ ಮಾರನಾಯಕನ ದೃಷ್ಟಾಂತವು ಇದರ ಮತ್ತೊಂದು ರೂಪಾಂತರ. ಹುಲುಗಪ್ಪ ಕಟ್ಟೀಮನಿಯವರ ನಿರ್ದೇಶನದಲ್ಲಿ ಸೆರೆಮನೆಯ ಬಂದಿಗಳೇ ಇದನ್ನು ಅಭಿನಯಿಸಿದರು. ಕೊಲೆ ಮತ್ತು ಪಶ್ಚಾತ್ತಾಪಗಳನ್ನು ಕುರಿತ ಕಥೆಯನ್ನು ಶಿಕ್ಷೆ ಅನುಭವಿಸುತ್ತಿರುವವರು ಆಡಿದಾಗ ಅದಕ್ಕೆ ಬೇರೆಯೇ ತೂಕ ಬಂತು.

ಮಂಕುತಿಮ್ಮನ ಕಗ್ಗ

ಮ್ಯಾಕ್‌ಬೆತ್ ಪ್ರಕಟವಾದ ಏಳು ವರ್ಷಗಳ ಬಳಿಕ, 1943ರಲ್ಲಿ ಮಂಕುತಿಮ್ಮನ ಕಗ್ಗ ಬಂತು. 945 ಚೌಪದಿಗಳ ಈ ಕೃತಿಯು ಮಂಕುತಿಮ್ಮ ಎಂಬ ಸಾಮಾನ್ಯನ ಅಂಕಿತದಲ್ಲಿದೆ. ಜೀವನದ ಅರ್ಥ, ವಿಧಿ, ಅಹಂಕಾರ, ಆಸೆ, ಸಮಾಧಾನ ಇದರ ವಸ್ತುಗಳು. ಇದನ್ನು ಕನ್ನಡದ ಭಗವದ್ಗೀತೆ ಎಂದು ಕರೆಯುವುದುಂಟು. ಬಾಳಿಗೆ ಅರ್ಥವಿದೆಯೇ ಎಂಬ ಪ್ರಶ್ನೆಯಿಂದಲೇ ಕಗ್ಗದ ವಿಚಾರ ಆರಂಭವಾಗುತ್ತದೆ. ಮ್ಯಾಕ್‌ಬೆತ್ ಕೊನೆಗೆ ತಲುಪುವ ಶೂನ್ಯವೂ ಅದೇ ಪ್ರಶ್ನೆಗೆ ಸಂಬಂಧಿಸಿದ್ದು. ಸಿಂಹಾಸನದ ಮೇಲೆ ಕುಳಿತವನಿಗೆ ಇಲ್ಲವೆಂಬ ಉತ್ತರ ದೊರೆಯುತ್ತದೆ. ಮಂಕುತಿಮ್ಮನು ಆ ಪ್ರಶ್ನೆಯನ್ನು ಕೈಬಿಡದೆ, ತನ್ನನ್ನು ತಾನು ಚಿಕ್ಕದಾಗಿಸಿಕೊಂಡು ಜಗತ್ತಿನೊಂದಿಗೆ ಒಂದಾಗುವುದರಲ್ಲಿ ನೆಮ್ಮದಿಯನ್ನು ಅರಸುತ್ತಾನೆ. ಎರಡು ಕೃತಿಗಳನ್ನೂ ಒಟ್ಟಿಗೆ ಓದುವ ವಿದ್ಯಾರ್ಥಿಗೆ ಈ ಹೋಲಿಕೆ ಉಪಯುಕ್ತ. ಇದೇ ಮಾದರಿಯ ಮರುಳ ಮುನಿಯನ ಕಗ್ಗ ಅವರ ಮರಣಾನಂತರ ಪ್ರಕಟವಾಯಿತು.

ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ

ಸ್ವಾತಂತ್ರ್ಯ ಬಂದರೆ ಸಾಲದು, ಅದನ್ನು ನಡೆಸಬಲ್ಲ ಪ್ರಜೆಗಳೂ ಬೇಕು ಎಂಬುದು ಡಿ.ವಿ.ಜಿ.ಯವರ ನಂಬಿಕೆ. ಈ ಉದ್ದೇಶದಿಂದ 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದರು. ಗ್ರಂಥಾಲಯ, ಉಪನ್ಯಾಸ, ಅಧ್ಯಯನ ಗೋಷ್ಠಿಗಳು ಮತ್ತು ಪತ್ರಿಕೆಯ ಮೂಲಕ ಅದು ಕೆಲಸ ಮಾಡಿತು. ಡಿ.ವಿ.ಜಿ.ಯವರು ಭಗವದ್ಗೀತೆಯಿಂದ ಹಿಡಿದು ಸಂವಿಧಾನದವರೆಗೆ ಹಲವು ವಿಷಯಗಳನ್ನು ಅಲ್ಲಿ ತರುಣರೊಂದಿಗೆ ಚರ್ಚಿಸುತ್ತಿದ್ದರು. ಸಂಸ್ಥೆಯು ಬಸವನಗುಡಿಯ ಬುಲ್ ಟೆಂಪಲ್ ರಸ್ತೆಯಲ್ಲಿದೆ. ಆ ರಸ್ತೆಗೆ ಹೆಸರು ಕೊಟ್ಟ ದೊಡ್ಡ ಬಸವಣ್ಣನ ಗುಡಿಯನ್ನು ಕಟ್ಟಿಸಿದವರು ಕೆಂಪೇಗೌಡರೆಂದು ಪ್ರತೀತಿ. ಮುಂದೆ ಮಾಗಡಿಯಿಂದ ಆಳಿದ್ದು ಅವರದೇ ವಂಶ.

ನಿಸ್ಪೃಹತೆ

ಡಿ.ವಿ.ಜಿ.ಯವರು ದಿವಾನರ ಆಪ್ತವಲಯದಲ್ಲಿದ್ದವರು. ಬೇಕೆಂದಿದ್ದರೆ ಹುದ್ದೆ, ಭೂಮಿ, ಪಿಂಚಣಿ ಯಾವುದೂ ಕಷ್ಟವಾಗುತ್ತಿರಲಿಲ್ಲ. ಅವರು ಬಾಡಿಗೆಯ ಮಟ್ಟದ ಸರಳ ಬದುಕನ್ನೇ ಆರಿಸಿಕೊಂಡರು. ಸರ್ಕಾರಕ್ಕಾಗಿ ಮಾಡಿದ ಕೆಲಸಕ್ಕೆ ಸಂಭಾವನೆಯಾಗಿ ಬಂದ ಚೆಕ್ಕುಗಳನ್ನು ಅವರು ನಗದು ಮಾಡಿಸಿಕೊಳ್ಳದೆ ಹಾಗೆಯೇ ಇಟ್ಟಿದ್ದರೆಂಬ ಸಂಗತಿ ನಾಡಿನಲ್ಲಿ ಪ್ರಸಿದ್ಧವಾಗಿದೆ. ಸರ್ಕಾರದ ಹಣವನ್ನು ಪಡೆದರೆ ಸರ್ಕಾರವನ್ನು ಟೀಕಿಸುವ ಸ್ವಾತಂತ್ರ್ಯ ಕುಂದೀತೆಂಬ ಎಚ್ಚರ ಪತ್ರಕರ್ತರಾದ ಅವರದು. 1970ರಲ್ಲಿ ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದಲ್ಲಿ ನಡೆದ ಸನ್ಮಾನದಲ್ಲಿ ಸಾರ್ವಜನಿಕರು ಅರ್ಪಿಸಿದ ಸುಮಾರು ಒಂದು ಲಕ್ಷ ರೂಪಾಯಿಗಳ ನಿಧಿಯನ್ನು ಅವರು ಗೋಖಲೆ ಸಂಸ್ಥೆಗೆ ಕೊಟ್ಟುಬಿಟ್ಟರು. ಅಧಿಕಾರವು ಮನುಷ್ಯನನ್ನು ಹೇಗೆ ಕೆಡಿಸುತ್ತದೆಂಬ ನಾಟಕವನ್ನು ಅನುವಾದಿಸಿದವರ ಬದುಕಿನಲ್ಲಿ ಅಧಿಕಾರದ ಬಳಿಯಿದ್ದೂ ಅದರಿಂದ ದೂರ ಉಳಿಯುವ ಪ್ರಯತ್ನ ಹೀಗೆ ಕೊನೆಯವರೆಗೂ ಕಾಣುತ್ತದೆ.

ಇತರ ಸಾಹಿತ್ಯ

ಡಿ.ವಿ.ಜಿ.ಯವರು ಉಮರ್ ಖಯ್ಯಾಮನ ಪದ್ಯಗಳನ್ನು ಉಮರನ ಒಸಗೆ ಎಂಬ ಹೆಸರಿನಲ್ಲಿ ಕನ್ನಡಿಸಿದರು. ಬೇಲೂರು ದೇವಾಲಯದ ಶಿಲಾಬಾಲಿಕೆಯರನ್ನು ಕುರಿತ ಅಂತಃಪುರ ಗೀತೆಗಳು ಇಂದಿಗೂ ಸಂಗೀತ ಕಚೇರಿಗಳಲ್ಲಿಯೂ ನೃತ್ಯದಲ್ಲಿಯೂ ಕೇಳಿಬರುತ್ತವೆ. ಜ್ಞಾಪಕ ಚಿತ್ರಶಾಲೆಯ ಎಂಟು ಸಂಪುಟಗಳಲ್ಲಿ ದಿವಾನರು, ವಿದ್ವಾಂಸರು, ಸಂಗೀತಗಾರರು, ವೈದಿಕರು ಮಾತ್ರವಲ್ಲದೆ ಹೆಸರಿಲ್ಲದ ಸಾಮಾನ್ಯರ ಚಿತ್ರಗಳೂ ಇವೆ. ಹಳೆಯ ಮೈಸೂರಿನ ಸಮಾಜವನ್ನು ಅರಿಯಲು ಇದು ಅಮೂಲ್ಯ ಆಕರ.

ಪ್ರಮುಖ ಕೃತಿಗಳು

* ಕಾವ್ಯ: ವಸಂತ ಕುಸುಮಾಂಜಲಿ, ನಿವೇದನ, ಉಮರನ ಒಸಗೆ, ಮಂಕುತಿಮ್ಮನ ಕಗ್ಗ, ಅಂತಃಪುರ ಗೀತೆ, ಶ್ರೀರಾಮ ಪರೀಕ್ಷಣಂ, ಮರುಳ ಮುನಿಯನ ಕಗ್ಗ
* ನಾಟಕ: ವಿದ್ಯಾರಣ್ಯ ವಿಜಯ, ಮ್ಯಾಕ್‌ಬೆತ್, ಜಾಕ್ ಕೇಡ್, ಕನಕಾಲುಕಾ, ಪರಶುರಾಮ
* ಜೀವನಚರಿತ್ರೆ ಮತ್ತು ಸ್ಮರಣೆ: ದಿವಾನ್ ರಂಗಾಚಾರ್ಲು, ಗೋಪಾಲಕೃಷ್ಣ ಗೋಖಲೆ, ಜ್ಞಾಪಕ ಚಿತ್ರಶಾಲೆ
* ವಿಚಾರ: ವೃತ್ತಪತ್ರಿಕೆ, ರಾಜ್ಯಶಾಸ್ತ್ರ, ರಾಜ್ಯಾಂಗ ತತ್ತ್ವಗಳು, ಸಂಸ್ಕೃತಿ, ಬಾಳಿಗೊಂದು ನಂಬಿಕೆ, ಜೀವನಧರ್ಮಯೋಗ

ಗೌರವಗಳು ಮತ್ತು ನಿಧನ

1961ರ ಗೌರವ ಡಿ.ಲಿಟ್. ಮತ್ತು 1967ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಗಳಲ್ಲದೆ, 1974ರಲ್ಲಿ ಭಾರತ ಸರ್ಕಾರವು ಅವರಿಗೆ ಪದ್ಮಭೂಷಣವನ್ನು ನೀಡಿತು. 1975ರ ಅಕ್ಟೋಬರ್ 7ರಂದು, ತಮ್ಮ ಎಂಬತ್ತೆಂಟನೆಯ ವಯಸ್ಸಿನಲ್ಲಿ, ಡಿ.ವಿ.ಜಿ.ಯವರು ಬೆಂಗಳೂರಿನಲ್ಲಿ ನಿಧನರಾದರು. 1988ರಲ್ಲಿ ಭಾರತೀಯ ಅಂಚೆ ಇಲಾಖೆಯು ಅವರ ಸ್ಮರಣಾರ್ಥ ಅಂಚೆಚೀಟಿಯನ್ನು ಹೊರತಂದಿತು. ಬಸವನಗುಡಿಯಲ್ಲಿ ಅವರು ವಾಸವಿದ್ದ ರಸ್ತೆ ಇಂದು ಡಿ.ವಿ.ಜಿ. ರಸ್ತೆಯಾಗಿದೆ. ಸಮೀಪದ ಬ್ಯೂಗಲ್ ರಾಕ್ ಉದ್ಯಾನದಲ್ಲಿ ಅವರ ಪ್ರತಿಮೆಯಿದೆ.